ನೀಲಿ ಮರಿ, ಕೆಂಪು ಜೇಡ

ನೀಲಿ ಬಣ್ಣಕ್ಕೆ ಮರುಳಾಗಿ ಕ್ಯಾರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದ ಜೇಡದ ಮರಿಯನ್ನು ಕೊಂಡವರು ಒಂದೆರಡು ವರ್ಷಗಳಲ್ಲಿ ತಕರಾರು ತೆಗೆಯುತ್ತಾರೆ. ಅವರನ್ನು ದೂರುವಂತಿಲ್ಲ. ಕ್ಯಾರಿಬೇನಾ ವರ್ಸಿಕಲರ್ ಎಂಬ ಈ ಟರಾಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡಗಳ ಹೆಸರು) ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕದಿರುವಾಗ ತಲೆಯಿಂದ ಕಾಲಿನ ತುದಿಯವರೆಗೆ ಲೋಹದ ಹೊಳಪಿನ ನೀಲಿ. ಹೊಟ್ಟೆಯ ಮೇಲೆ ಕವಲೊಡೆದ ಕಪ್ಪು ಚಿತ್ತಾರ. ಜೇಡ ಎಂದರೆ ಪೊರಕೆ ಹುಡುಕುವ ನನ್ನ ಅಮ್ಮ ಕೂಡ ವಿಡಿಯೊ ಕರೆಯಲ್ಲಿ ಅದನ್ನು ನೋಡಿ, ‘ಇದು ಪ್ಲಾಸ್ಟಿಕ್ಕಿನದೇ?’ ಎಂದು ಕೇಳಿದ್ದಳು.

ಆ ನೀಲಿ ಉಳಿಯುವುದಿಲ್ಲ. ಒಂದು ಪೊರೆ ಕಳಚಿದಾಗ ಬೆನ್ನಿನ ಚಿಪ್ಪಿಗೆ ಹಸಿರು ಛಾಯೆ ಬರುತ್ತದೆ. ಮುಂದಿನದಕ್ಕೆ ಹೊಟ್ಟೆಯ ಚಿತ್ತಾರ ಮಸುಕಾಗಿ ಅಲ್ಲಲ್ಲಿ ಕೆಂಪು ಇಣುಕುತ್ತದೆ. ನಡುವೆ ಒಂದು ಹಂತ ಬರುತ್ತದೆ: ನೀಲಿಯೂ ಅಲ್ಲ, ಹಸಿರೂ ಅಲ್ಲ, ಕೆಂಪೂ ಅಲ್ಲ, ಒಟ್ಟಾರೆ ಕೊಳೆಯಾದ ಹಾಗೆ ಕಾಣುವ ಜೇಡ. ಆಗಲೇ ಜನರು ಗಾಬರಿಯಾಗುವುದು. ತೇವ ಹೆಚ್ಚಾಯಿತೇ, ಆಹಾರ ಸರಿಹೋಗಲಿಲ್ಲವೇ, ರೋಗವೇ ಎಂದು ಹುಡುಕಾಡುತ್ತಾರೆ. ತಾಳ್ಮೆಯಿದ್ದವರಿಗೆ ಕೊನೆಗೆ ಸಿಗುವುದು ಹಸಿರು ಚಿಪ್ಪು, ದ್ರಾಕ್ಷಾರಸದ ಕೆಂಪಿನ ಹೊಟ್ಟೆ, ನೇರಳೆ ಮಿಶ್ರಿತ ಗುಲಾಬಿ ರೋಮದ ಕಾಲುಗಳು ಇರುವ ದೊಡ್ಡ ಜೇಡ. ನನ್ನ ಕಣ್ಣಿಗೆ ಅದು ಮರಿಗಿಂತ ಚೆಲುವು. ಆದರೆ ಕೊಂಡದ್ದು ಇದನ್ನಲ್ಲ ಎನ್ನುವವರ ಜೊತೆ ವಾದ ಮಾಡುವುದು ಕಷ್ಟ.

ಫ್ರಾನ್ಸಿನ ವಿದ್ವಾಂಸ ವಾಲ್ಕೆನೇರ್ 1837ರಲ್ಲೇ ವಿವರಿಸಿದ ಜೇಡವಿದು. 2017ರಲ್ಲಿ ಫುಕುಶಿಮಾ ಮತ್ತು ಬೆರ್ತಾನಿ ಎಂಬ ಸಂಶೋಧಕರು ಇದನ್ನು ಅವಿಕ್ಯುಲೇರಿಯಾ ಕುಲದಿಂದ ಬಿಡಿಸಿ ಕ್ಯಾರಿಬೇನಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ಅಂದರೆ ಇದರ ಬಣ್ಣ ಬದಲಾಗುವುದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಕೊಂಡವರು ಈ ಬಣ್ಣಬದಲನ್ನು ‘ಅನಿರೀಕ್ಷಿತ’ ಎನ್ನುವುದು ಮಾರಾಟದ ಚಿತ್ರಗಳಿಂದ. ಮರಿಯ ಚಿತ್ರ ಚೆಂದವಿದ್ದರೆ ಮರಿಯದ್ದು, ದೊಡ್ಡದರ ಚಿತ್ರ ಚೆಂದವಿದ್ದರೆ ದೊಡ್ಡದರದ್ದು. ನಡುವಿನ ಕೊಳಕು ಹಂತದ ಚಿತ್ರವನ್ನು ಹಾಕಿ ವ್ಯಾಪಾರ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ಅದೂ ಸಾಲದೆಂಬಂತೆ ಕಂಪ್ಯೂಟರಿನಲ್ಲಿ ಒಂದಿಷ್ಟು ನೀಲಿಯನ್ನು ಏರಿಸಿರುತ್ತಾರೆ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಅಲ್ಲಿ ಯಾರಾದರೂ ಜೇಡ ಸಾಕುತ್ತೇನೆ ಎಂದಿದ್ದರೆ ಮನೆಯವರು ಯಾವುದಾದರೂ ದೇವರಿಗೆ ಹರಕೆ ಹೊರುತ್ತಿದ್ದರು. ಇಲ್ಲಿ ಟರಾಂಟುಲಾ ಸಾಕುವವರು ಸಾಕಷ್ಟು ಜನ ಇದ್ದಾರೆ. ವರ್ಷಕ್ಕೊಮ್ಮೆ ಸಂತೆಯಂತೆ ಸೇರುತ್ತಾರೆ, ಮರಿ ಕೊಡುತ್ತಾರೆ, ತರುತ್ತಾರೆ, ಗಂಡುಗಳನ್ನು ಎರವಲು ಕೊಡುತ್ತಾರೆ. ನಾನೂ ಆ ಬಳಗಕ್ಕೆ ಸೇರಿಕೊಂಡೆ. ಏಕೆ ಎಂದು ಕೇಳಿದವರಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಇವು ಕರೆದರೆ ಬರುವುದಿಲ್ಲ, ಮುಟ್ಟಿದರೆ ಇಷ್ಟಪಡುವುದಿಲ್ಲ, ತಿಂಗಳುಗಟ್ಟಲೆ ಒಂದೇ ಕಡೆ ಕೂರುತ್ತವೆ. ವರ್ಷಕ್ಕೆ ಒಂದು ದಿನ ಮಾತ್ರ ನೋಡಲು ಏನಾದರೂ ಇರುತ್ತದೆ. ಆ ಒಂದು ದಿನಕ್ಕಾಗಿಯೇ ಸಾಕುತ್ತೇನೆ ಎಂದರೆ ಅತಿಶಯೋಕ್ತಿಯಾಗದು.

ಆ ದಿನದ ಮುನ್ಸೂಚನೆಯೇ ಒಂದು ಬಣ್ಣಬದಲು. ನನ್ನ ಬಳಿ ಇರುವ ವೆನೆಜುವೆಲಾದ ಜೇಡವನ್ನೇ ತೆಗೆದುಕೊಳ್ಳಿ: ಕ್ರೊಮಾಟೊಪೆಲ್ಮಾ ಸಯಾನಿಯೋಪ್ಯುಬೆಸೆನ್ಸ್, ಪರಗ್ವಾನಾ ಪರ್ಯಾಯದ್ವೀಪದ ಒಣ ಕುರುಚಲಿನಿಂದ ಬಂದದ್ದು. ಇಲ್ಲಿನವರು ಹೆಸರು ಉಚ್ಚರಿಸಲಾಗದೆ ‘ಗ್ರೀನ್ ಬಾಟಲ್ ಬ್ಲೂ’ ಎಂದು, ಚಿಕ್ಕದಾಗಿ ಜಿಬಿಬಿ ಎನ್ನುತ್ತಾರೆ. ನಾನೂ ಅದನ್ನೇ ಅನುಸರಿಸುತ್ತೇನೆ. ನೀಲಿ ಕಾಲು, ಹಸಿರು ಚಿಪ್ಪು, ಕಿತ್ತಳೆ ಹೊಟ್ಟೆ. ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಹೆಚ್ಚಿನವು ಸಿಟ್ಟು ಬಂದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ತುರಿಕೆ ರೋಮಗಳನ್ನು ಕೆರೆದು ಎರಚುತ್ತವೆ, ಇದೂ ಎರಚುತ್ತದೆ. ಕೆರೆದ ಜಾಗ ಬೋಳಾಗಿ ತೆಳು ಚರ್ಮ ಕಾಣುತ್ತದೆ. ಪೊರೆಯ ಕಾಲ ಹತ್ತಿರವಾದಂತೆ ಆ ಬೋಳು ದಿನೇ ದಿನೇ ಕಪ್ಪಾಗುತ್ತದೆ. ಹೊಸಬರು ಇದನ್ನು ಕೊಳೆತ, ಪೆಟ್ಟು ಎಂದೆಲ್ಲ ತಿಳಿಯುತ್ತಾರೆ. ನಿಜ ಸಂಗತಿ ಏನೆಂದರೆ ಹಳೆಯ ಚರ್ಮದ ಕೆಳಗೆ ಹೊಸ ರೋಮಗಳು ಒತ್ತೊತ್ತಾಗಿ ಮಲಗಿವೆ. ತೆಳುವಾದ ಹಳೆಯ ಚರ್ಮದ ಮೂಲಕ ಅವುಗಳ ಕಪ್ಪು ಕಾಣುತ್ತಿದೆ. ಇದೇ ಹೊತ್ತಿಗೆ ಕಾಲಿನ ನೀಲಿ ಬತ್ತಿ ಕಂದಾಗಿರುತ್ತದೆ, ಕಿತ್ತಳೆ ಮಣ್ಣಾಗಿರುತ್ತದೆ. ಮುಂದೆ ಹಾಕಿದ ಜಿರಳೆಯನ್ನು ಅದು ತಿರುಗಿಯೂ ನೋಡುವುದಿಲ್ಲ.

ಆಮೇಲೆ ಒಂದು ದಿನ ಬಲೆಯ ಮೇಲೆ ದಪ್ಪನೆಯ ಹಾಸು ನೇಯ್ದು ಅದರ ಮೇಲೆ ಬೆನ್ನಡಿಯಾಗಿ ಮಲಗುತ್ತದೆ. ಕಾಲುಗಳು ಮೇಲೆ, ಅಲುಗಾಟವಿಲ್ಲ. ಸತ್ತಿತು ಎಂದು ಎಷ್ಟೋ ಜನ ಈ ಹೊತ್ತಿನಲ್ಲಿ ಎತ್ತಿ ಎಸೆದಿದ್ದಾರಂತೆ. ಒಳಗೆ ಮಾತ್ರ ಬಿಡುವಿಲ್ಲದ ಕೆಲಸ. ಹೊಟ್ಟೆ ಸಂಕುಚಿಸಿ ರಕ್ತದಂಥ ದ್ರವವನ್ನು ಮುಂಭಾಗಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಬೆನ್ನಿನ ಚಿಪ್ಪು ಅಂಚಿನಲ್ಲಿ ಬಿಟ್ಟುಕೊಂಡು ಡಬ್ಬಿಯ ಮುಚ್ಚಳದ ಹಾಗೆ ಮೇಲೇಳುತ್ತದೆ. ಆ ತೆರಪಿನಿಂದ ಎಂಟು ಕಾಲು, ಮುಂದಿನ ಎರಡು ಸ್ಪರ್ಶಾಂಗ, ಎರಡು ಕೋರೆಹಲ್ಲು ಒಟ್ಟಿಗೆ ಹೊರಬರಬೇಕು. ದೇಹದ ಒಳಭಾಗ ಎಂದು ನಾವು ತಿಳಿಯುವ ಕೆಲವು ಭಾಗಗಳೂ ಹೊರಚರ್ಮದ ಮುಂದುವರಿಕೆಯೇ ಆದ್ದರಿಂದ ಅವೂ ಕಳಚುತ್ತವೆ: ಆಹಾರ ಹೀರುವ ಜಠರದ ಒಳಪೊರೆ, ಪುಸ್ತಕದ ಹಾಳೆಗಳಂತೆ ಜೋಡಿಸಿದ ಶ್ವಾಸಾಂಗಗಳ ಒಳಪೊರೆ. ಕಳಚಿದ ಪೊರೆಯನ್ನು ಬಿಡಿಸಿ ನೋಡಿದರೆ ಆ ಶ್ವಾಸಾಂಗಗಳು ನಾಲ್ಕು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ.

ಹೊರಬಂದ ಜೇಡದ ಕೋರೆಹಲ್ಲು ಹಾಲಿನಷ್ಟು ಬಿಳಿ. ಗಟ್ಟಿಯಾಗುತ್ತ ಹೋದಂತೆ ಕೆಂಪಾಗಿ, ಕೆಲವು ದಿನಗಳ ಮೇಲೆ ಕಪ್ಪಾಗುತ್ತದೆ. ಅಲ್ಲಿಯವರೆಗೆ ಅದರ ಮುಂದೆ ಆಹಾರ ಹಾಕಬಾರದು. ಮೆತ್ತಗಿರುವ ಜೇಡವನ್ನು ಮಿಡತೆಯೇ ಕಚ್ಚಿ ತಿಂದ ಉದಾಹರಣೆಗಳಿವೆ. ಆದರೆ ಕಾಲುಗಳ ಮೇಲಿನ ನೀಲಿಗೆ ಗಟ್ಟಿಯಾಗುವವರೆಗೆ ಕಾಯುವ ಗೋಜಿಲ್ಲ. ಒದ್ದೆಯಾಗಿ ಅಂಟಿಕೊಂಡಿದ್ದ ರೋಮಗಳು ಒಣಗಿ ಬಿಡಿಸಿಕೊಂಡ ಕೂಡಲೇ ಬಣ್ಣ ಹಾಜರು. ಪಕ್ಕದಲ್ಲಿ ಬಿದ್ದಿರುವ ಹಳೆಯ ಪೊರೆಯ ಕಂದುನೀಲಿಯನ್ನೂ ಈ ಹೊಸ ನೀಲಿಯನ್ನೂ ಒಟ್ಟಿಗೆ ನೋಡಿದರೆ ಒಂದೇ ಜಾತಿಯವು ಎಂದು ನಂಬುವುದು ಕಷ್ಟ, ಒಂದೇ ಜೇಡ ಎನ್ನುವುದಂತೂ ದೂರ.

ನಾನು ಪೊರೆಗಳನ್ನು ಎಸೆಯುವುದಿಲ್ಲ. ದಿನಾಂಕ ಬರೆದ ಚೀಟಿಯ ಸಮೇತ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೆಣ್ಣೋ ಗಂಡೋ ತಿಳಿಯಬೇಕಾದರೆ ಪೊರೆಯನ್ನು ಸೋಪಿನ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹೊಟ್ಟೆಯ ಭಾಗವನ್ನು ಬಿಡಿಸಿ ಮೊದಲೆರಡು ಶ್ವಾಸಾಂಗಗಳ ನಡುವೆ ನೋಡಬೇಕು. ಹೆಣ್ಣಾದರೆ ವೀರ್ಯ ಸಂಗ್ರಹಿಸುವ ಚೀಲದ ಮಡಿಕೆ ಅಲ್ಲಿರುತ್ತದೆ. ಈ ಕೆಲಸ ಮಾಡುವಾಗ ಗಮನಕ್ಕೆ ಬಂದ ಸಂಗತಿ ನನ್ನನ್ನು ಬಣ್ಣದ ಹಿಂದೆ ಬೀಳಿಸಿತು. ನೆನೆದು, ಒಣಗಿ, ವರ್ಷಗಳ ಕಾಲ ಪೆಟ್ಟಿಗೆಯಲ್ಲಿ ಕೂತ ಪೊರೆಯ ಕಾಲುಗಳು ಇನ್ನೂ ನೀಲಿ. ಒಳಗೆ ಜೇಡವಿಲ್ಲ, ಮಾಂಸವಿಲ್ಲ, ರಕ್ತವಿಲ್ಲ. ಬಣ್ಣ ಮಾತ್ರ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಚರ್ಮ ಕಂದು, ಅದರ ಮೇಲೆ ನಿಂತ ಒಂದೊಂದು ರೋಮವೂ ನೀಲಿ.

ಏಕೆಂದರೆ ಆ ನೀಲಿ ಯಾವುದೋ ದ್ರವ್ಯವಲ್ಲ. ನವಿಲುಗರಿಯಲ್ಲಿ ಹೇಗೆ ನೀಲಿ ಬಣ್ಣದ ಪದಾರ್ಥವಿಲ್ಲವೋ ಹಾಗೆ ಇಲ್ಲಿಯೂ ಇಲ್ಲ. ರೋಮದೊಳಗೆ ಕೈಟಿನ್ (ಜೇಡದ ಹೊರಚರ್ಮದ ಪದಾರ್ಥ) ಮತ್ತು ಗಾಳಿಯ ಅತಿಸೂಕ್ಷ್ಮ ರಚನೆ ಇದೆ. ಅದರ ಅಳತೆ ಬೆಳಕಿನ ನೀಲಿ ತರಂಗಕ್ಕೆ ಸರಿಹೊಂದಿದೆ. ನೀಲಿ ಹಿಂದಿರುಗುತ್ತದೆ, ಉಳಿದದ್ದು ಒಳಗೆ ಇಂಗುತ್ತದೆ. ಇಂಗಿಸಿಕೊಳ್ಳಲು ಕೆಳಗೆ ಕಪ್ಪು ಬೇಕು. ಜೇಡಗಳಲ್ಲಿ ಮೆಲನಿನ್, ಅಂದರೆ ನಮ್ಮ ಕೂದಲನ್ನು ಕಪ್ಪಾಗಿಸುವ ದ್ರವ್ಯ, ಇಲ್ಲವೆಂದು ಬಹುಕಾಲ ನಂಬಿದ್ದರು. ಅದು ಇದೆಯೆಂದು ಗೊತ್ತಾದದ್ದು 2015ರಲ್ಲಿ. ಅದನ್ನು ತೋರಿಸಿಕೊಟ್ಟವರು ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದಲ್ಲಿದ್ದ ಬೋರ್-ಕೈ ಶಿಯುಂಗ್ ಮತ್ತು ಜೊತೆಗಾರರು. ಅದೇ ವರ್ಷ ಅವರು ಟರಾಂಟುಲಾಗಳ ನೀಲಿಯ ಬಗ್ಗೆಯೂ ಒಂದು ಅಧ್ಯಯನ ಪ್ರಕಟಿಸಿದರು. ಟರಾಂಟುಲಾ ವಂಶದಲ್ಲಿ ನೀಲಿ ಕನಿಷ್ಠ 8 ಬಾರಿ ಬೇರೆ ಬೇರೆಯಾಗಿ ಹುಟ್ಟಿದೆ. ಒಂದರಲ್ಲಿ ಪದರ ಪದರದ ರಚನೆ, ಇನ್ನೊಂದರಲ್ಲಿ ಸ್ಪಂಜಿನಂಥ ರಚನೆ. ಆದರೂ ಹೊರಬರುವ ನೀಲಿ ಮಾತ್ರ ಹೆಚ್ಚು ಕಡಿಮೆ ಒಂದೇ, ಸುಮಾರು 450 ನ್ಯಾನೊಮೀಟರ್ ಆಸುಪಾಸಿನದು.

ಇನ್ನೊಂದು ವಿಚಿತ್ರವಿದೆ. ರಚನೆಯಿಂದ ಹುಟ್ಟುವ ಬಣ್ಣಗಳು ಸಾಮಾನ್ಯವಾಗಿ ನೋಡುವ ಕೋನ ಬದಲಾದಂತೆ ಬದಲಾಗುತ್ತವೆ, ಎರಡು ಬಣ್ಣದ ಎಳೆ ಹಾಕಿ ನೇಯ್ದ ರೇಷ್ಮೆ ಸೀರೆಯ ಹಾಗೆ. ಟರಾಂಟುಲಾದ ನೀಲಿ ಹಾಗೆ ಮಿಣುಗುವುದಿಲ್ಲ. ಯಾವ ಕಡೆಯಿಂದ ನೋಡಿದರೂ ಅದೇ ನೀಲಿ. ನಮ್ಮ ಆಂಧ್ರದ ಗುತ್ತಿ ಊರಿನ ಹೆಸರು ಹೊತ್ತ ನೀಲಿ ಜೇಡದ (ಅದರ ಕಥೆ ಮುಂದಿದೆ) ರೋಮವನ್ನು ಅಡ್ಡ ಸೀಳಿ ನೋಡಿದಾಗ ಅದು ಹೂವಿನ ಎಸಳುಗಳಂತೆ ಸುತ್ತ ಉಬ್ಬಿಕೊಂಡಿರುವುದು ಕಂಡಿತು. ಶಿಯುಂಗ್ ತಂಡ ಆನಂತರ ಆ ಆಕಾರವನ್ನು ಅತಿಸೂಕ್ಷ್ಮ ತ್ರಿಆಯಾಮ ಮುದ್ರಣದಲ್ಲಿ ಮಾಡಿ, ಮಿಣುಗದ ಬಣ್ಣಕ್ಕೆ ಈ ಎಸಳುಗಳೇ ಕಾರಣವೆಂದು ತೋರಿಸಿತು.

ಇಷ್ಟು ತಿಳಿದ ಮೇಲೆ ನನಗೆ ಅರ್ಧ ಗೊಂದಲ ಕಳೆಯಿತು. ಗೋಸುಂಬೆ ಕುಳಿತಲ್ಲೇ ಬಣ್ಣ ಬದಲಾಯಿಸುತ್ತದೆ, ಅದರ ಚರ್ಮದ ಜೀವಕೋಶಗಳು ಜೀವಂತ. ಟರಾಂಟುಲಾದ ರೋಮ ಒಮ್ಮೆ ಕಟ್ಟಿ ಮುಗಿದ ಮೇಲೆ ನಿರ್ಜೀವ. ಮಧ್ಯದಲ್ಲಿ ಅದು ಸವೆಯಬಹುದು, ಉದುರಬಹುದು, ಧೂಳು ಹಿಡಿಯಬಹುದು. ತಿದ್ದುಪಡಿ ಮಾತ್ರ ಸಾಧ್ಯವಿಲ್ಲ. ಬದಲಾವಣೆ ಏನಿದ್ದರೂ ಹೊಸ ಪೊರೆಯನ್ನು ಹಳೆಯದರ ಕೆಳಗೆ ಕಟ್ಟುವಾಗಲೇ ಆಗಬೇಕು. ಹಾಗಾಗಿ ಹಲವು ತಿಂಗಳುಗಳ ಬದಲಾವಣೆ ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಬೀಳುತ್ತದೆ. ನಿನ್ನೆ ಕಂಡದ್ದು ಕಳೆದ ಬಾರಿ ಕಟ್ಟಿದ ಜೇಡ.

ಕೆಂಪು ಬಣ್ಣದ ಹುಳುವನ್ನು ತಿನ್ನಿಸಿದರೆ ಕೆಂಪಾಗುತ್ತದೆ, ನೀಲಿ ದೀಪದ ಕೆಳಗಿಟ್ಟರೆ ನೀಲಿ ಹೆಚ್ಚುತ್ತದೆ ಎನ್ನುವವರು ಇದ್ದಾರೆ. ರಾಜಹಂಸದ ಗುಲಾಬಿ ತಿಂದ ಆಹಾರದಿಂದ ಬರುತ್ತದೆ ಎನ್ನುವುದು ನಿಜ, ಅದನ್ನೇ ಇಲ್ಲಿಗೂ ಎಳೆದು ತರುತ್ತಾರೆ. ದ್ರವ್ಯವೇ ಇಲ್ಲದ ನೀಲಿಗೆ ಏನನ್ನು ತಿನ್ನಿಸುವುದು? ದೀಪದ ಮಾತು ಇನ್ನೂ ತಮಾಷೆ: ನೀಲಿ ದೀಪದ ಕೆಳಗೆ ನನ್ನ ಕೈಯೂ ನೀಲಿಯಾಗಿ ಕಾಣುತ್ತದೆ.

ಗುತ್ತಿಯ ಮಾತು ಬಂತು. ರಾಯಚೂರಿನಿಂದ ತಿರುಪತಿಗೆ ರೈಲಿನಲ್ಲಿ ಹೋದವರೆಲ್ಲ ಗುಂತಕಲ್ ಬಿಟ್ಟ ಮೇಲೆ ಗುತ್ತಿಯನ್ನು ದಾಟಿರುತ್ತಾರೆ. ಬಳ್ಳಾರಿಯವರಾದ ನಮಗೆ ಅದು ಬೆಟ್ಟದ ಮೇಲೆ ಕೋಟೆ ಕಾಣುವ ಊರು, ಅಷ್ಟೇ. ಲೆಸ್ಟರ್‌ಗೆ ಬಂದ ಮೇಲೆ, ಇಲ್ಲಿನ ಒಬ್ಬರ ಮನೆಯಲ್ಲಿ ಗಾಜಿನ ಪೆಟ್ಟಿಗೆಯ ಮೇಲೆ ‘ಗೂಟಿ ಸಫಾಯರ್’ ಎಂಬ ಚೀಟಿ ನೋಡಿ, ಗೂಟಿ ಎಂದರೆ ಯಾವ ದೇಶ ಎಂದು ಯೋಚಿಸುತ್ತ ನಿಂತಿದ್ದೆ. ನಮ್ಮ ಗುತ್ತಿಯೇ! ಪೊಯೆಸಿಲೊಥೀರಿಯಾ ಮೆಟಾಲಿಕಾ. ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ 1899ರಲ್ಲಿ ಇದನ್ನು ವಿವರಿಸಿದ. ಆತನಿಗೆ ಸಿಕ್ಕ ಮಾದರಿ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಹಿಡಿದದ್ದು. ಮರದ ಪೊಟರೆಯಲ್ಲಿ ಬದುಕುವ ಜೇಡಕ್ಕೆ ಗುತ್ತಿಯ ಬಂಡೆಗಳ ನಡುವೆ ಏನು ಕೆಲಸ? ದಿಮ್ಮಿಗಳ ಜೊತೆಗೆ ರೈಲಿನಲ್ಲಿ ಬಂದಿರಬೇಕು ಎಂಬ ಊಹೆಯೇ ಈಗ ಎಲ್ಲರೂ ಒಪ್ಪುವುದು. ಆಮೇಲೆ ನೂರು ವರ್ಷ ಅದು ಕಾಡಿನಲ್ಲಿ ಯಾವ ವಿಜ್ಞಾನಿಯ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಆಂಧ್ರದ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅದರ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ, ಆ ಕಾಡೂ ಕ್ಷೀಣಿಸುತ್ತಿದೆ. 2008ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿ. ಇತ್ತ ಯೂರೋಪು, ಅಮೆರಿಕಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದರ ಸಂತಾನಕ್ಕೆ ಬರವಿಲ್ಲ.

ಈ ಜೇಡದ ಕಥೆ ಮಾರ್ಟಿನೀಕ್‌ನ ಜೇಡದ್ದಕ್ಕೆ ತಿರುಗುಮುರುಗು. ಮರಿ ಬೂದುಗಂದು, ಹತ್ತಿರ ಹಿಡಿದು ನೋಡಿದರೆ ಎಲ್ಲೋ ಒಂದು ನೇರಳೆ ಛಾಯೆ. ಪ್ರತಿ ಪೊರೆಗೂ ನೀಲಿ ಒಂದೊಂದು ಹಂತ ಏರುತ್ತದೆ. ಬೆಳೆದ ಹೆಣ್ಣಿನ ಕಾಲುಗಳು ಗಾಢ ನೀಲಿ, ಸಂದುಗಳಲ್ಲಿ ಹಳದಿ ಮಚ್ಚೆ, ಹೊಟ್ಟೆಯ ಮೇಲೆ ಬೂದು ಬಿಳಿ ಕಪ್ಪಿನ ಬಳ್ಳಿ ಚಿತ್ತಾರ. ಆದರೆ ಇದೂ ಬೆಳಕನ್ನು ಅವಲಂಬಿಸಿದ್ದು. ಸಂಜೆಯ ಮಬ್ಬಿನಲ್ಲಿ ನೋಡಿದರೆ ಬೂದಿ ಬಣ್ಣದ ಸಾಧಾರಣ ಜೇಡ. ಟಾರ್ಚು ಹಾಕಿದರೆ ನೀಲಿ ಹೊತ್ತಿಕೊಳ್ಳುತ್ತದೆ. ಇಂಥದನ್ನು ಕೊಂಡವರು ಮನೆಯಲ್ಲಿ ನೋಡಿ ‘ಚಿತ್ರದ ಹಾಗಿಲ್ಲ’ ಎಂದರೆ, ಚಿತ್ರದವನು ಫ್ಲಾಶ್ ಹಾಕಿದ್ದ ಎನ್ನುವುದಷ್ಟೇ ಉತ್ತರ. ಮರೆಯುವ ಮೊದಲು ಹೇಳಿಬಿಡುತ್ತೇನೆ: ಪೊಯೆಸಿಲೊಥೀರಿಯಾಗಳಿಗೆ ಎರಚುವ ರೋಮವಿಲ್ಲ, ಬದಲಿಗೆ ಕಡಿತ ಖಾರ. ನೋವಿನ ಜೊತೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ. ಕೈಯ ಮೇಲೆ ಹರಿಸಿಕೊಂಡು ವಿಡಿಯೊ ಮಾಡುವ ಜೇಡ ಇದಲ್ಲ.

ಇದೇ ಕುಲದ ಜೇಡಗಳು ಕರ್ನಾಟಕದ ಪಶ್ಚಿಮ ಘಟ್ಟದ ಮರಗಳಲ್ಲೂ ಇವೆ. ಮೈಸೂರಿನ ಹೆಸರು ಹೊತ್ತು ಇಂಗ್ಲೆಂಡಿನ ಪೇಟೆಯಲ್ಲಿ ಓಡಾಡುವ ಪೊಯೆಸಿಲೊಥೀರಿಯಾ ಸ್ಟ್ರಿಯಾಟಾ ಅವುಗಳಲ್ಲೊಂದು. ಊರಿನ ಗೆಳೆಯರು ಇದನ್ನು ಓದಿ ಕಾಡಿಗೆ ಹೊರಡುವುದು ಬೇಡ. 2019ರಲ್ಲಿ ಇಡೀ ಪೊಯೆಸಿಲೊಥೀರಿಯಾ ಕುಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟ್ಸ್ ಪಟ್ಟಿಯ ಜೀವಿ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು. ಪೇಟೆಯಲ್ಲಿ ಸಿಗುತ್ತದೆ ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅನಿರೀಕ್ಷಿತವಾದದ್ದು ಏನೂ ಇಲ್ಲ. ಓದಿಕೊಂಡಿದ್ದರೆ ಎಲ್ಲವೂ ನಿರೀಕ್ಷಿತವೇ. ನಿಜವಾಗಿ ಬೆಚ್ಚಿಬೀಳಿಸುವುದು ಬೇರೆ. ಒಮ್ಮೆ ನನ್ನ ಜಿಬಿಬಿಯ ಒಂದು ಕಾಲು ಹಳೆಯ ಪೊರೆಯಲ್ಲಿ ಸಿಕ್ಕಿಕೊಂಡಿತು. ಅದು ತಾನೇ ಕಾಲನ್ನು ಬುಡದಲ್ಲಿ ಕಳಚಿಹಾಕಿತು. ಮುಂದಿನ ಪೊರೆಯಲ್ಲಿ ಆ ಜಾಗದಲ್ಲಿ ಹೊಸ ಕಾಲು. ಉಳಿದ ಏಳಕ್ಕಿಂತ ಗಿಡ್ಡ, ತೆಳ್ಳಗೆ, ರೋಮ ವಿರಳ. ಬಣ್ಣ ಬೇರೆ ಯಾವುದೋ ಜೇಡದಿಂದ ತಂದಂತೆ ಪೇಲವ. ನೀಲಿ ಎನ್ನುವುದು ಹೊಟ್ಟೆ ತುಂಬಿದ ಕಾಲದ ಕೆಲಸವಿರಬೇಕು ಎಂದು ಆಗ ಅನ್ನಿಸಿತು. ಮೊದಲು ನಡೆಯಲು ಒಂದು ಕಾಲು, ಅಲಂಕಾರ ಆಮೇಲೆ. ಇದು ಕೇವಲ ನನ್ನ ಊಹೆ, ಪ್ರಯೋಗಾಲಯದ ಮಾತಲ್ಲ. ಅದಾದ ಮುಂದಿನ ಪೊರೆಯಲ್ಲಿ ಆ ಕಾಲು ಹೆಚ್ಚು ಕಡಿಮೆ ಉಳಿದವುಗಳ ಸಮಕ್ಕೆ ಬಂತು, ನೀಲಿಯೂ ಸೇರಿ.

ಇನ್ನೂ ಅಪರೂಪದ್ದು ಅರ್ಧನಾರೀಶ್ವರ ಜೇಡ. ಭ್ರೂಣದ ಹಂತದಲ್ಲೇ ಏನೋ ಎಡವಟ್ಟಾಗಿ ದೇಹದ ಒಂದು ಪಾಲು ಹೆಣ್ಣು, ಇನ್ನೊಂದು ಪಾಲು ಗಂಡು. ಬೆಳೆಯುವಾಗ ಯಾರಿಗೂ ತಿಳಿಯುವುದಿಲ್ಲ. ಗಂಡಿನ ಪಾಲು ಪ್ರೌಢವಾಗುವ ಪೊರೆಯಲ್ಲಿ ಒಂದು ಬದಿ ಗಂಡಿನ ಬಣ್ಣ, ಇನ್ನೊಂದು ಬದಿ ಹೆಣ್ಣಿನ ಬಣ್ಣ, ನಡುವೆ ಗೆರೆ ಎಳೆದಂತೆ. ನಾನು ನೋಡಿರುವುದು ಚಿತ್ರಗಳಲ್ಲಿ ಮಾತ್ರ. ಗಂಡು ಹೆಣ್ಣುಗಳ ಬಣ್ಣ ಒಂದೇ ಇರುವ ಜಾತಿಯಲ್ಲಿ ಇಂಥದು ಬಂದರೆ ಬಣ್ಣದಿಂದ ಯಾರಿಗೂ ಗೊತ್ತೇ ಆಗದು.

ಮತ್ತೆ ಕೆಲವು ಸಲ ಬದಲಾಗುವುದು ಜೇಡವಲ್ಲ, ಅದರ ಚೀಟಿ. ಮೆಕ್ಸಿಕೋದ ಕೆಂಪು ಮಂಡಿಯ ಜೇಡ ಬ್ರಾಕಿಪೆಲ್ಮಾ ಸ್ಮಿತಿ ದಶಕಗಳ ಕಾಲ ಸಾಕುವವರ ಲೋಕದ ರಾಣಿಯಾಗಿತ್ತು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಎಂಬ ಸಂಶೋಧಕರು ಡಿಎನ್‌ಎಯನ್ನೂ ಸೇರಿಸಿ ಪರಿಶೀಲಿಸಿದ ಮೇಲೆ ಸ್ಮಿತಿ ಎಂದು ಸಾಕುತ್ತಿದ್ದ ಎಷ್ಟೋ ಜೇಡಗಳು ಬ್ರಾಕಿಪೆಲ್ಮಾ ಹಮೋರಿ ಎಂಬ ಬೇರೆ ಜಾತಿ ಎಂದಾಯಿತು. ಒಂದು ರೋಮವೂ ಬದಲಾಗದೆ ಹೆಸರು ಬದಲಾಯಿತು. ಮರಿಗಳಾಗಿದ್ದಾಗ ಒಂದೇ ಥರ ಕಾಣುವ ಹತ್ತಿರದ ಜಾತಿಗಳನ್ನು ತಿಳಿದೋ ತಿಳಿಯದೆಯೋ ಬೆರೆಸಿದವರೂ ಇದ್ದಾರೆ. ಆ ಮಿಶ್ರತಳಿಗಳು ನಾಲ್ಕಾರು ಪೊರೆ ಕಳಚಿದ ಮೇಲೆ ಯಾವ ಚಿತ್ರಕ್ಕೂ ಹೊಂದದ ಬಣ್ಣಕ್ಕೆ ಬರುತ್ತವೆ. ಮನೆಯಲ್ಲಿ ಬಣ್ಣ ಎಡವಟ್ಟಾಗಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಅನುಮಾನಿಸುವುದು ಚೀಟಿಯನ್ನು, ಆಮೇಲೆ ಜೇಡವನ್ನು.

ಗಂಡಿನ ಕೊನೆಯ ಪೊರೆಯದ್ದು ಇನ್ನೊಂದೇ ಅಧ್ಯಾಯ. ಹೆಣ್ಣು ಟರಾಂಟುಲಾ ಬದುಕಿರುವಷ್ಟು ಕಾಲವೂ ಪೊರೆ ಕಳಚುತ್ತದೆ, ಕೆಲವು ಜಾತಿಗಳಲ್ಲಿ ಇಪ್ಪತ್ತು ವರ್ಷ ದಾಟಿಯೂ. ಗಂಡಿಗೆ ಪ್ರೌಢವಾಗುವ ಪೊರೆಯೇ ಸಾಮಾನ್ಯವಾಗಿ ಕೊನೆಯದು. ಅದುವರೆಗೆ ಅಕ್ಕತಂಗಿಯರ ಹಾಗೆಯೇ ಇದ್ದವನು ಒಂದು ದಿನ ಉದ್ದ ಕಾಲು, ಸೊರಗಿದ ಹೊಟ್ಟೆ, ಸ್ಪರ್ಶಾಂಗದ ತುದಿಯಲ್ಲಿ ಉಬ್ಬಿದ ಗುಬುಟು ಹೊತ್ತು ಹೊರಬರುತ್ತಾನೆ. ದಕ್ಷಿಣ ಅಮೆರಿಕದ ಪ್ಯಾಂಫೊಬೆಟಿಯಸ್ ಕುಲದ ಜೇಡಗಳಲ್ಲಿ ಈ ಪೊರೆ ಕಂದು ಜೇಡವನ್ನು ನೇರಳೆ ಗುಲಾಬಿ ಮಿರುಗಿನ ಜೇಡವನ್ನಾಗಿ ಮಾಡುತ್ತದೆ. ಗುತ್ತಿಯ ಗಂಡಿಗೆ ಆ ಭಾಗ್ಯವಿಲ್ಲ. ಇದ್ದ ನೀಲಿಯಲ್ಲೂ ಒಂದಷ್ಟನ್ನು ಕಳೆದುಕೊಂಡು ಮಂಕಾಗುತ್ತಾನೆ. ಹೆಣ್ಣು ಎಂದು ಬರೆದುಕೊಟ್ಟು ಒಬ್ಬ ವ್ಯಾಪಾರಿ ನನಗೆ ಮಾರಿದ ಜೇಡ ಹೀಗೇ ಒಂದು ದಿನ ಮಂಕು ಬೂದುನೀಲಿಯ ಗಂಡಾಗಿ ಪೊಟರೆಯಿಂದ ಇಳಿದು ಬಂತು. ಹಣದ ಮಾತು ಬಿಡಿ, ಅಷ್ಟು ವರ್ಷ ಬೆಳೆಯುತ್ತ ಬಂದ ನೀಲಿ ಹಿಂದೆ ಸರಿದದ್ದನ್ನು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು.

ಹಾಗಾದರೆ ಈ ನೀಲಿ ಯಾರಿಗಾಗಿ? ಕತ್ತಲಲ್ಲಿ ಓಡಾಡುವ, ಕಣ್ಣು ಮಂದವೆಂದು ಎಲ್ಲರೂ ಹೇಳುವ ಪ್ರಾಣಿ. ಶಿಯುಂಗ್ ತಂಡ 2015ರಲ್ಲಿ, ಸಂಗಾತಿಯನ್ನು ಸೆಳೆಯಲು ಇರಲಾರದು ಎಂಬ ಕಡೆಗೆ ವಾಲಿತ್ತು. 2020ರಲ್ಲಿ ಸಿರ್ಷಾ ಫೋಲಿ, ವಿನೋದ್ ಸಾರಾನಾಥನ್ ಮತ್ತು ವಿಲಿಯಂ ಪೀಲ್ ಇದನ್ನು ಮತ್ತೆ ಕೆದಕಿದರು. ಬಣ್ಣ ಗ್ರಹಿಸಲು ಕಣ್ಣಿನಲ್ಲಿ ಬೇಕಾದ ಆಪ್ಸಿನ್ ಪ್ರೋಟೀನುಗಳ ಜೀನುಗಳನ್ನು ಟರಾಂಟುಲಾಗಳಲ್ಲಿ ಹುಡುಕಿದಾಗ, ಹಗಲಿನಲ್ಲಿ ಬಣ್ಣ ನೋಡಿ ಬದುಕುವ ಜೇಡಗಳಲ್ಲಿರುವ ಹೆಚ್ಚುಕಡಿಮೆ ಪೂರ್ಣ ಸರಂಜಾಮು ಅಲ್ಲಿ ಸಿಕ್ಕಿತು. ಇವು ಬಣ್ಣ ಕಾಣಬಲ್ಲವು, ನೀಲಿ ಸಂಗಾತಿಗಾಗಿಯೇ ಇರಬಹುದು ಎಂದು ಅವರು ವಾದಿಸಿದರು. ಮರದ ಮೇಲೆ ಬದುಕುವವುಗಳಲ್ಲಿ ಹಸಿರು ಹೆಚ್ಚಾಗಿರುವುದು ಎಲೆಗಳ ನಡುವೆ ಮರೆಯಾಗಲು ಇರಬಹುದು ಎಂಬುದನ್ನೂ ಸೇರಿಸಿದರು. ಮಾರ್ಟಿನೀಕ್‌ನ ಜೇಡದ ಹಸಿರು ಚಿಪ್ಪನ್ನು ನೋಡುವಾಗ ಈ ಎರಡನೆಯ ಮಾತು ನನಗೆ ಒಪ್ಪಿಗೆಯಾಗುತ್ತದೆ. ಮೊದಲನೆಯದಕ್ಕೆ ನನ್ನ ಸಂಶಯ ಉಳಿದಿದೆ. ಪ್ರೌಢನಾಗುವ ದಿನವೇ ಗಂಡು ಮಂಕಾಗುವುದಾದರೆ, ಹೆಣ್ಣಿಗೆ ತೋರಿಸಲು ಅವನಲ್ಲಿ ಉಳಿದದ್ದೇನು? ಹೆಣ್ಣೇ ಅವನಿಗೆ ತೋರಿಸುತ್ತಿದ್ದರೆ ಅದು ಬೇರೆ ಮಾತು.

ಮಂಕು ಗಂಡನ್ನು ವ್ಯರ್ಥ ಮಾಡಲು ಮನಸ್ಸಾಗಲಿಲ್ಲ. ಪರಿಚಯದವರೊಬ್ಬರ ಬಳಿ ಒಳ್ಳೆಯ ನೀಲಿಯ ಬೆಳೆದ ಹೆಣ್ಣಿತ್ತು. ಮರಿಗಳಾದರೆ ಅರ್ಧರ್ಧ ಎಂದು ಮಾತಾಯಿತು. ಇಲ್ಲಿನ ವಾಡಿಕೆಯೇ ಅದು. ರಾತ್ರಿ ಮಂದ ಕೆಂಪು ಬೆಳಕಿನಲ್ಲಿ ಅವನನ್ನು ಅವಳ ಪೆಟ್ಟಿಗೆಗೆ ಬಿಟ್ಟೆವು. ಅವನು ತೊಗಟೆಯ ಮೇಲೆ ಸ್ಪರ್ಶಾಂಗಗಳಿಂದ ತಾಳ ಹಾಕಿದ, ನಿಂತ, ಮತ್ತೆ ಹಾಕಿದ. ಒಳಗಿನಿಂದ ಅವಳೂ ತೊಗಟೆ ಬಡಿದಳು. ಇಬ್ಬರಿಗೂ ಆಗ ಬೇಕಾದದ್ದು ಕಂಪನ. ಕೆಂಪು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಎರಡೂ ಕಪ್ಪು. ಒಂದು ಮನೆಯ ಒಂದು ರಾತ್ರಿಯಿಂದ ವಿಜ್ಞಾನ ಹುಟ್ಟುವುದಿಲ್ಲ, ಆದ್ದರಿಂದ ಫೋಲಿಯವರ ವಾದಕ್ಕೆ ಇದು ಉತ್ತರ ಎಂದು ನಾನು ಹೇಳುವುದಿಲ್ಲ. ಅವನು ಪ್ರಾಣ ಉಳಿಸಿಕೊಂಡು ಹೊರಬಂದ.

ಆಮೇಲೆ ಅವಳು ಚೆನ್ನಾಗಿ ತಿಂದಳು, ಹೊಟ್ಟೆ ದುಂಡಗಾಯಿತು. ಮೊಟ್ಟೆಯ ಚೀಲ ಬರುತ್ತದೆಂದು ಕಾದೆವು. ಬಂದದ್ದು ಚಿತ್ರ, ಅವರ ಫೋನಿನಿಂದ: ಪೊಟರೆಯ ಬಾಯಿಗೆ ತಳ್ಳಿದ ಹಳೆಯ ಪೊರೆ, ಅದರ ಪಕ್ಕ ಕೂತ ಅವಳು. ಅಷ್ಟು ನೀಲಿಯನ್ನು ನಾನು ಬದುಕಿರುವ ಯಾವ ಪ್ರಾಣಿಯ ಮೈಮೇಲೂ ನೋಡಿರಲಿಲ್ಲ, ಚಿತ್ರವನ್ನು ಅವರು ತಿದ್ದಿರಲೂ ಇಲ್ಲ. ಆದರೆ ಹೆಣ್ಣಿನ ವೀರ್ಯಚೀಲದ ಒಳಪದರವೂ ಪೊರೆಯ ಭಾಗವೇ. ಅದು ಕಳಚಿತೆಂದರೆ ಕೂಡಿಟ್ಟದ್ದೆಲ್ಲ ಅದರೊಂದಿಗೆ ಹೋಯಿತು. ಅವಳನ್ನು ಮತ್ತೆ ಗಂಡಿನ ಜೊತೆ ಕೂಡಿಸಬೇಕು. ನಮ್ಮ ಗಂಡು ಅಷ್ಟರಲ್ಲಿ ಮುದಿಯಾಗಿ ತೀರಿಕೊಂಡಿದ್ದ. ಈಗ ನಾವಿಬ್ಬರೂ ಬೇರೊಂದು ಗಂಡನ್ನು ಹುಡುಕುತ್ತಿದ್ದೇವೆ.